ಸತ್ತವರ ಕಾಲಂ

ಮಸಿ ಹಚ್ಚಿದ ಹೆಬ್ಬೆಟ್ಟನ್ನು ಗಾದ್ರಮ್ಮ ಸೆರಗಿಗೆ ಒರೆಸಿಕೊಂಡುಬಿಟ್ಟಳು.

“ಏನಂತ ಬರದೈತೆ, ಮೊದ್ಲು ಓದ್ರಿ ಸಾಹೇಬ್ರೆ.”

ಪ್ರವೀಣ್ ಕುಮಾರ್ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳ ಕಂಪನಿಯ ಆಫೀಸರು. ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಎದುರೇ ಮೆಲ್ಲಗೆ ಓದಿದ: “ನನ್ನ ಗಂಡ, ವಾಚ್‌ಮನ್ ಓಬಣ್ಣ, ನಿನ್ನೆ ಮನೆಯಲ್ಲಿ ತೀರಿಕೊಂಡರು.”

“ಮನ್ಯಾಗೆ? ಫ್ಯಾನಿನ ಬುಡದಾಗೆ ಎದೆ ಹಿಡ್ಕೊಂಡು ಬಿದ್ದ. ಉಸ್ರು ಅಲ್ಲೇ ಹೋಗಿತ್ತು. ನಾಕು ಮಂದಿ ಹೊತ್ಕೊಂಡು ಬಂದ್ರು.”

“ಹೌದಮ್ಮ. ಆದ್ರೆ ಕಂಪನಿ ವರದಿ ಇವತ್ತೇ ಹೋಗ್ಬೇಕು. ಪರಿಸರಕ್ಕೆ ಏನು ಮಾಡಿದ್ವಿ, ಕೆಲಸದೋರನ್ನ ಹೆಂಗೆ ನೋಡ್ಕೊಂಡ್ವಿ, ಎಲ್ಲಾ ಅದ್ರಾಗೆ ಇರ್ತೈತೆ. ಕೆಲಸದ ಜಾಗದಾಗೆ ಸತ್ತೋರು ಸೊನ್ನೆ ಅಂತ ಆಗ್ಲೇ ಬರೆದಾಗೈತೆ.”

ಓಬಣ್ಣನ ತಂಗಿ ಚೌಡಕ್ಕ ಮೂಗು ಒರೆಸಿಕೊಂಡಳು. “ಸೊನ್ನೆಯಂತೆ! ಹಂಗಾರೆ ಇಲ್ಲಿ ಕುಂತೋನು ಯಾರು?”

*

ಹೋದ ವರ್ಷ ಇದೇ ವರದಿಗೆಂದು ಬಂದ ಫಾರಂನ ‘ಸತ್ತವರು’ ಕಾಲಂನಲ್ಲಿ ಓಬಣ್ಣ ‘೧೧’ ಎಂದು ಬರೆದು ಕಳಿಸಿದ್ದ. ದಾವಣಗೆರೆ ಆಫೀಸಿನಲ್ಲಿ ಒಬ್ಬನಾದರೂ ಕಣ್ಣು ಬಿಟ್ಟು ನೋಡಬೇಕಲ್ಲ, ಹಾಗೇ ಅಚ್ಚಾಯಿತು. ಪ್ರವೀಣ್ ಎದ್ದೆನೋ ಬಿದ್ದೆನೋ ಅಂತ ಜಗಳೂರಿಗೆ ಓಡಿಬಂದ.

“ಓಬಣ್ಣ, ಯಾರ್ರೀ ಸತ್ತಿದ್ದು, ಹನ್ನೊಂದು ಜನ?”

“ಎಂಟು ಹದ್ದು, ಎರಡು ಗೂಬೆ, ಒಂದು ನವಿಲು ಸರ್. ಫ್ಯಾನಿನ ರೆಕ್ಕೆ ಬಡಿದು ಬಿದ್ವು. ನಾನೇ ಗುಂಡಿ ತೋಡಿ ಮಣ್ಣು ಮಾಡೀನಿ. ಹಕ್ಕಿಗೆ ಅಂತ ಬೇರೆ ಕಾಲಂ ಇರ್ಲಿಲ್ಲ. ಸತ್ತವರು ಅಂತ ಒಂದೇ ಇತ್ತು.”

ಬೈದರು. ಇನ್ನು ಮೇಲೆ ಸೊನ್ನೆ ಬರಿ ಎಂದರು. ಬರೆದ. ಮನೆಗೆ ಬಂದು ಎರಡು ದಿನ ಉಣ್ಣಲಿಲ್ಲ.

*

ಓಬಣ್ಣನನ್ನು ಗುಂಡಿಗೆ ಇಳಿಸಿದ ಮೇಲೆ ಒಬ್ಬೊಬ್ಬರೇ ಬಂದು ಮಣ್ಣು ಹಾಕತೊಡಗಿದರು. ಪ್ರವೀಣನೂ ಒಂದು ಹಿಡಿ ತೆಗೆದುಕೊಂಡ. ಹೆಬ್ಬೆಟ್ಟು ಬೀಳದ ಕಾಗದ ಅವನ ಜೇಬಿನಲ್ಲೇ ಇತ್ತು.

“ಹದ್ದನ್ನೂ ಬಿಡದೆ ಬರೆದೋನು ಸಾಹೇಬ್ರೆ,” ಎಂದಳು ಗಾದ್ರಮ್ಮ. “ಅವನೊಬ್ಬನ್ನ ಬರಿಯಾಕೆ ನಿಮಗೇನು ಕಷ್ಟ? ಕೆಲಸದಾಗೆ ಸತ್ತ ಅಂತ ಬರೀರಿ. ನಂಗೆ ಅಷ್ಟೇ ಸಾಕು.”

ಅವನಿಗೆ ನಾಚಿಕೆಯಾಯಿತು. ಅಲ್ಲೇ ನಿಂತು ಆಫೀಸಿಗೆ ಫೋನ್ ಹಚ್ಚಿದ.

“ನಿಂಗರಾಜ್, ಆ ಸೊನ್ನೆ ತೆಗೆದು ಒಂದು ಹಾಕು.”

“ಆಗಲ್ಲ ಸರ್. ಹಕ್ಕಿ ಗಲಾಟೆ ಆದ್ಮೇಲೆ ನೀವೇ ಕಂಪ್ಯೂಟರ್‌ನಾಗೆ ಲಾಕ್ ಮಾಡಿಸಿದ್ರಲ್ಲ? ಆ ಕಾಲಂ ಈಗ ಸೊನ್ನೆ ಬಿಟ್ಟು ಬೇರೇನೂ ತಗಳಲ್ಲ.”

ಹಿಂದೆ ಮಣ್ಣು ಹಾಕುವವರ ಸಾಲು ಬೆಳೆದಿತ್ತು.

“ಹಾಕ್ರೀ ಸಾಹೇಬ್ರೆ,” ಎಂದಳು ಚೌಡಕ್ಕ. “ಜನ ಕಾಯ್ತಾರೆ.”

ಒಂದು ಕೈಯಲ್ಲಿ ಫೋನು. ಇನ್ನೊಂದರ ಮುಷ್ಟಿಯನ್ನು ಅವನು ಬಿಚ್ಚಲೇ ಇಲ್ಲ. ಬೆರಳ ಸಂದಿಯಿಂದ ಮಣ್ಣು ತಾನಾಗಿಯೇ ಅವನ ಶೂ ಮೇಲೆ ಉದುರುತ್ತಿತ್ತು.