ಅಲ್ಲಾಡಿಸಿ ನೋಡುವ ಯಂತ್ರ

ತುರುವೇಕೆರೆಯ ನನ್ನ ವೆಲ್ಡಿಂಗ್ ಶೆಡ್ಡಿನ ಗೋಡೆಯ ಮೇಲೆ ಲಿಯೊನಾರ್ಡೊ ಡಾ ವಿಂಚಿ ಬರೆದ ರೆಕ್ಕೆಯ ಚಿತ್ರವಿದೆ. ನಾನು ಮಾಡಿದ ಕಾಯಿ ಒಡೆಯುವ ಯಂತ್ರ ನೋಡಲು ಬಂದ ಕೊಬ್ಬರಿ ವ್ಯಾಪಾರಿ ಸೂರ್ಯಪ್ರಕಾಶ್ ಆ ಚಿತ್ರ ನೋಡಿ ನಕ್ಕರು.

"ಐನೂರು ವರ್ಷದ ಹಿಂದಿನ ಮುದುಕ. ಅವನ ರೆಕ್ಕೆ ಹಾರ್ತಾ, ಅನಿತಮ್ಮ?"

"ಹಾರ್ಲಿಲ್ಲ ಕಣ್ರೀ. ಆದ್ರೆ ಹಕ್ಕೀನ ನೋಡ್ದೆ ಅವನು ರೆಕ್ಕೆ ಬರೀಲಿಲ್ಲ. ಇವತ್ತಿಗೂ ಇಂಜಿನಿಯರ್‌ಗಳು ಅವನಿಂದ ಕಲಿಯೋದು ಅದನ್ನೇ. ನಾನೂ ಕೊಬ್ರಿ ಒಡೆಯೋರ ಕೈ ನೋಡ್ದೆ ಈ ಮಿಷನ್ ಮಾಡ್ಲಿಲ್ಲ."

ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಉರುಳಾಡುತ್ತದೆ. ಚಿಪ್ಪು ಬಿಡದ ಕಾಯಿ ಒಡೆದರೆ ಉಂಡೆ ಚೂರಾಗುತ್ತದೆ. ಅದಕ್ಕೇ ನನ್ನ ಯಂತ್ರ ಮೊದಲು ಕಾಯಿಯನ್ನು ಅಲ್ಲಾಡಿಸುತ್ತದೆ. ಒಳಗೆ ಸದ್ದಾದರೆ ಮಾತ್ರ ಒಡೆಯುತ್ತದೆ.

"ಆ ಅಲ್ಲಾಡ್ಸೋ ಭಾಗ ಕಿತ್ತಾಕು ಕಣಮ್ಮ. ಸುಮ್ನೆ ಟೈಮ್ ವೇಸ್ಟು. ಕಿತ್ರೆ ನಾಳೇನೇ ಆರ್ಡರ್ ಕೊಡ್ತೀನಿ," ಎಂದರು.

"ಕೀಳಲ್ಲ."

"ಹಟ ಬುಡಮ್ಮ. ಬೇರೆ ಕಡೆ ಮಾಡಿಸ್ಕೊತೀನಿ."

"ಮಾಡಿಸ್ಕೊಳ್ಳಿ. ನನ್ನ ಶೆಡ್ಡಿಂದ ಕಿವುಡು ಮಿಷನ್ ಹೊರಗೆ ಹೋಗಲ್ಲ."

ಅವರಿಗೆ ರೇಗಿತು. "ಅದನ್ನ ಆಫ್ ಮಾಡಿ, ಬರೀ ಒಡೆಯೋದು ತೋರ್ಸು. ಕಾಯಿ ನಾನೇ ಕೊಡ್ತೀನಿ," ಎಂದು ತಾವು ತಂದಿದ್ದ ಚೀಲಕ್ಕೆ ಕೈ ಹಾಕಿದರು. ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಹಾಕಿದರು.

ನಾನು ಸ್ವಿಚ್ಚಿನ ಮೇಲಿಂದ ಕೈ ತೆಗೆದೆ.

"ಆ ಕಾಯಿ ಯಾಕ್ರೀ ಪಕ್ಕಕ್ಕಿಟ್ರಿ? ಅದನ್ನೇ ಕೊಡಿ."