ಇರ್ಮಾ ಬಿಟ್ಟುಬಿಟ್ಟ ಮಾತುಗಳು

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಪಿಟ್ಸ್‌ಬರ್ಗಿನಲ್ಲಿ ನಾನು ಪ್ರೊಫೆಸರ್ ವೀಲರ್ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ. ಮನುಷ್ಯ ಯೋಚಿಸುವ ಹಾಗೆಯೇ ಕಂಪ್ಯೂಟರೂ ಯೋಚಿಸಬೇಕೆಂಬುದು ಅವರ ಹಟ. ಅದಕ್ಕಾಗಿ ವಿದ್ಯಾರ್ಥಿಗಳನ್ನು ಕೂರಿಸಿ, ಅಕ್ಷರಗಳ ಜಾಗಕ್ಕೆ ಅಂಕಿ ಹೊಂದಿಸುವ ಒಗಟು ಕೊಟ್ಟು, "ತಲೆಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿ" ಎನ್ನುತ್ತಿದ್ದೆವು. ಅವರು ಹೇಳಿದ್ದನ್ನು ಟೇಪಿನಲ್ಲಿ ಕೇಳಿ ಟೈಪು ಮಾಡುತ್ತಿದ್ದವರು ಇರ್ಮಾ ಹುಡಾಕ್. ಉಕ್ಕಿನ ಕಾರ್ಖಾನೆಯ ಕೆಲಸಗಾರನ ವಿಧವೆ; ಹದಿನಾರು ವರ್ಷ ವಕೀಲರೊಬ್ಬರ ಕಚೇರಿಯಲ್ಲಿ ಪಳಗಿದ ಕೈ.

ಆ ಪುಟಗಳನ್ನು ನಂಬಿ ನಾವು ಬರೆದ ಪ್ರೋಗ್ರಾಂ ನೆಟ್ಟಗೆ ಉತ್ತರಕ್ಕೆ ಹೋಗಿ ನಿಂತಿತು. ವೀಲರ್ ಹಿಗ್ಗಿದರು. ನನಗೆ ಮಾತ್ರ ಒಂದು ಅನುಮಾನ: ಒಗಟಿನ ಜೊತೆ ಇಪ್ಪತ್ತು ನಿಮಿಷ ಒದ್ದಾಡಿದ ಒಬ್ಬ ವಿದ್ಯಾರ್ಥಿನಿಯ ಮಾತು ಕಾಗದದಲ್ಲಿ ಒಂದೇ ಪುಟವಿತ್ತು. ಇರ್ಮಾ ಅವರನ್ನೇ ಕೇಳಿದೆ.

"ಉಳಿದದ್ದೆಲ್ಲ ಕಸ ಕಣಪ್ಪಾ. 'ಅಯ್ಯೋ, ಅಲ್ಲ, ತಾಳಿ, ಐದು ಬರಲ್ಲ, ಥೂ'... ಯಾರು ಓದ್ತಾರೆ ಇದನ್ನ? ನಮ್ಮ ವಕೀಲರಾಗಿದ್ರೆ ಮುಖಕ್ಕೆ ಎಸೀತಿದ್ರು."

ವಿಷಯ ತಿಳಿದ ವೀಲರ್ ಕುರ್ಚಿಯಲ್ಲಿ ಕುಸಿದರು. ಆರು ತಿಂಗಳ ಕೆಲಸ. ಟೈಪಾದ ಟೇಪುಗಳನ್ನು ಅಳಿಸಿ ಮತ್ತೆ ಬಳಸಿದ್ದೆವು; ಉಳಿದದ್ದು ಏಳೇ.

"ಮೊದಲೇ ಹೇಳಬೇಕಿತ್ತಲ್ರೀ ಪ್ರೊಫೆಸರ್ರೇ! ತೊದಲೋದೂ ಬೇಕು ಅಂತ ನಂಗೇನು ಕನಸು ಬೀಳುತ್ತಾ?" ಎಂದರು ಇರ್ಮಾ.

"ತಪ್ಪು ನಂದೇ ಇರ್ಮಾ ಅವರೇ," ಎಂದರು ವೀಲರ್ ಮೆಲ್ಲಗೆ. "ಯೋಚನೆ ಅನ್ನೋದು ಇರೋದೇ ಆ ಕಸದಲ್ಲಿ."

ಇರ್ಮಾ ಆ ಏಳನ್ನೂ ಮತ್ತೆ ಟೈಪು ಮಾಡಿದರು. ಒಂದು 'ಹ್ಞೂಂ' ಕೂಡ ಬಿಡಲಿಲ್ಲ. ಮೌನ ಎಷ್ಟು ಹೊತ್ತೆಂದು ಗಡಿಯಾರ ನೋಡಿ ಬರೆದರು. ಜನ ದಾರಿ ತಪ್ಪುವುದು, ತಪ್ಪನ್ನೇ ಹಿಡಿದು ಜಗ್ಗುವುದು, ಕೊನೆಗೆ ಬಿಟ್ಟು ಹಿಂದಿರುಗುವುದು, ಎಲ್ಲವೂ ಆಗ ಕಣ್ಣಿಗೆ ಬಿತ್ತು. ವೀಲರ್ ಹಳೆಯ ಪ್ರೋಗ್ರಾಂ ಬದಿಗಿಟ್ಟು, ಎಡವಿ ಏಳುವಂಥದ್ದನ್ನು ಬರೆಯತೊಡಗಿದರು.

"ಮಿಷನ್ನಿಗೆ ಎಡವೋದು ಕಲಿಸೋಕೆ ಇಷ್ಟು ಜನ ಪಂಡಿತರು ಬೇಕಾ?" ಎಂದರು ಇರ್ಮಾ. "ನನ್ನ ಅಳಿಯನ್ನ ಕಳಿಸ್ತಿದ್ದೆ, ಪುಕ್ಕಟೆ ಕಲಿಸ್ತಿದ್ದ."

ವೀಲರ್ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದಿನ ವರ್ಷ ಇರ್ಮಾ ಅವರನ್ನು ಪ್ರಯೋಗದ ಕೋಣೆಗೇ ಕರೆಸಿಕೊಂಡರು. ಹನ್ನೊಂದು ವರ್ಷ ವಿದ್ಯಾರ್ಥಿಗಳ ಎದುರು ಕೂತದ್ದು ಆಕೆಯೇ. ಆಕೆಯ ಮುಂದೆ ತಪ್ಪು ಯೋಚನೆಯನ್ನು ಗಟ್ಟಿಯಾಗಿ ಹೇಳಲು ಯಾರೂ ನಾಚುತ್ತಿರಲಿಲ್ಲ.