ಎರಡು ಬಾರಿ ಜರಡಿ ಹಿಡಿದ ಹಿಟ್ಟು

ಬೆಳಗಿನ ಬಿಸಿಲು ಏರುತ್ತಿತ್ತು. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ, ಚೀಲ, ಬಕೆಟ್ಟುಗಳು ಸಾಲಾಗಿ ಕೂತಿದ್ದವು. ಅವುಗಳ ಯಜಮಾನಿಯರು ಮೆಟ್ಟಿಲ ಮೇಲೆ ಕೂತು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

"ಗಿರಣಿಯಣ್ಣ ಇನ್ನೂ ಎದ್ದಿಲ್ವಾ?"

"ಎದ್ದು ಬಹಳ ಹೊತ್ತಾಯ್ತಂತೆ. ಒಳಗೆ ಕೂತಿದ್ದಾರೆ."

"ಒಳಗೆ ಅಂದ್ರೆ?"

"ಒಳಗೆ ಅಂದ್ರೆ ಒಳಗೇ ಕಣಮ್ಮ. ಇನ್ನೆಷ್ಟು ಬಿಡಿಸಿ ಹೇಳಲಿ?"

ಎಲ್ಲರೂ ನಕ್ಕರು. ಹಿತ್ತಿಲ ಪಾಯಿಖಾನೆಯಲ್ಲಿ ಬೆವರುತ್ತ ಕೂತಿದ್ದ ಗಿರಣಿಯಣ್ಣನಿಗೆ ಆ ನಗು ಸ್ಪಷ್ಟವಾಗಿ ಕೇಳಿಸಿತು.

ಅವನಿಗೆ ಐವತ್ತು ದಾಟಿತ್ತು. ಕೆಲವು ತಿಂಗಳಿಂದ ಹೊಟ್ಟೆ ಹಟ ಹಿಡಿದಿತ್ತು. ಕಟ್ಟಿಕೊಂಡರೆ ಮೂರು ನಾಲ್ಕು ದಿನ ಕದಲುತ್ತಿರಲಿಲ್ಲ. ಊಟ ಮಾಡಿದ ಮೇಲೆ ಹೊಟ್ಟೆ ಉಬ್ಬಿ ತಮಟೆಯಂತಾಗುತ್ತಿತ್ತು. ಯಾರೋ ಹೇಳಿದ ಪುಡಿ ತಿಂದ. ಇನ್ಯಾರೋ ಹೇಳಿದ ಎಣ್ಣೆ ಕುಡಿದ. ಹಿಂದೆಂದೋ ಹಲ್ಲುನೋವಿಗೆ ತಂದು ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆಗಳನ್ನೂ ನುಂಗಿದ. ಯಾವುದಕ್ಕೂ ಹೊಟ್ಟೆ ಬಗ್ಗಲಿಲ್ಲ. ಯಂತ್ರದ ಪಕ್ಕದಲ್ಲಿ ನಿಂತು ಕೆಲಸ ಮಾಡುವುದೇ ಕಷ್ಟವಾದಾಗ, ಹಳೆಯ ಯಂತ್ರಗಳನ್ನು ಕೊಳ್ಳುವ ವ್ಯಾಪಾರಿಗೆ ಹೇಳಿ ಕಳಿಸಿದ. ಕಲ್ಲು, ಮೋಟಾರು, ಬೆಲ್ಟು ಎಲ್ಲವನ್ನೂ ಬಿಚ್ಚಿಕೊಂಡು ಹೋಗಲು ಅವನು ಮುಂದಿನ ತಿಂಗಳು ಬರುವುದೆಂದು ಮಾತಾಯಿತು.

ಆ ಮಾತಾದ ದಿನದಿಂದ ಹೆಂಡತಿ ಅವನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ.

ಅದು ಬರಿಯ ಯಂತ್ರವಾಗಿರಲಿಲ್ಲ. ಅವನ ತಾಯಿ ಹರೆಯದಲ್ಲಿ ಇದೇ ಗಿರಣಿಯ ನೆಲ ಗುಡಿಸಲು ಸೇರಿದವಳು. ಆಮೇಲೆ ಹಿಟ್ಟು ಹಿಡಿಯಲು ಕಲಿತಳು, ಕಲ್ಲು ಸವೆದಾಗ ಉಳಿಯಿಂದ ಗೀರು ಹಾಕುವುದನ್ನೂ ಕಲಿತಳು. ಮುದಿ ಯಜಮಾನ ಕೈಬಿಟ್ಟಾಗ ಗಿರಣಿಯನ್ನು ತಾನೇ ಕೊಂಡಳು. ಯಂತ್ರದ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಿಂದ ಇಳಿಯುವ ಬೆಚ್ಚನೆಯ ಹಿಟ್ಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡುತ್ತಿದ್ದಳು. "ಕಲ್ಲು ಸ್ವಲ್ಪ ಬಿಗಿ ಮಾಡು" ಎಂದೋ, "ಸಾಕು, ಹಿಟ್ಟು ಸುಡುತ್ತಿದೆ" ಎಂದೋ ಹೇಳುತ್ತಿದ್ದಳು. ರೆಪ್ಪೆಗೂದಲಲ್ಲೂ ಹಿಟ್ಟು. ಚಿಕ್ಕವನಿದ್ದಾಗ ಅವಳ ಮಡಿಲಲ್ಲಿ ಮಲಗಿದರೆ ಮೂಗಿಗೆ ಬರುತ್ತಿದ್ದುದು ಗೋಧಿಯ ಕಂಪು. ಗಿರಣಿಯ ಸದ್ದು ನಿಂತರೆ ಅವನಿಗೆ ಎಚ್ಚರವಾಗುತ್ತಿತ್ತು.

ಆ ವಾರ ಹೆಂಡತಿಯ ತಂಗಿ ಮನೆಗೆ ಬಂದಳು. ಅವಳು ಆರೋಗ್ಯ ಕೇಂದ್ರದಲ್ಲಿ ನರ್ಸು. ಭಾವನನ್ನು ಕೆಣಕದಿದ್ದರೆ ಅವಳಿಗೆ ತಿಂದ ಅನ್ನ ಅರಗದು.

"ಏನು ಭಾವ, ಮುಖ ಹೀಗೆ ಗಂಟು ಹಾಕಿದ್ದೀರಿ? ಹೊಟ್ಟೆಯ ಗಂಟು ಮುಖಕ್ಕೂ ಬಂತಾ?"

"ನಗು ನಗು. ಬರೋ ತಿಂಗಳು ಬಾ, ಇಲ್ಲಿ ಗಿರಣಿಯೇ ಇರಲ್ಲ."

"ಅಕ್ಕ ಫೋನಲ್ಲಿ ಅತ್ತದ್ದು ಇದಕ್ಕೇನಾ?" ನರ್ಸಿನ ನಗು ನಿಂತಿತು. "ಮಲದಲ್ಲಿ ರಕ್ತ ಏನಾದ್ರೂ? ತೂಕ ಇಳಿದಿದ್ಯಾ?"

"ಊಟದ ಹೊತ್ತಲ್ಲಿ ಕೇಳೋ ಮಾತೇನೇ ಇದು?"

"ಊಟದ್ದೇ ಕಥೆ, ಊಟದ ಹೊತ್ತಲ್ಲೇ ಕೇಳ್ತೀನಿ. ಹೇಳಿ."

ರಕ್ತವಿರಲಿಲ್ಲ, ತೂಕವೂ ಇಳಿದಿರಲಿಲ್ಲ. ಆದರೂ ಅವಳು ಬಿಡಲಿಲ್ಲ. "ಈ ವಯಸ್ಸಲ್ಲಿ ಹೊಟ್ಟೆಯ ಅಭ್ಯಾಸ ತಾನಾಗೇ ಬದಲಾದ್ರೆ ಮೊದಲು ಡಾಕ್ಟರ್ ನೋಡಬೇಕು. ಆಮೇಲೆ ಉಳಿದ ಮಾತು" ಎಂದು ಮರುದಿನವೇ ಎಳೆದುಕೊಂಡು ಹೋದಳು. ರಕ್ತದ ಪರೀಕ್ಷೆ, ಮಲದ ಪರೀಕ್ಷೆ, ಕೊನೆಗೆ ಕರುಳಿಗೆ ಕೊಳವೆ ಹಾಕಿ ನೋಡುವ ಪರೀಕ್ಷೆಯೂ ಆಯಿತು. ಗಂಭೀರವಾದದ್ದು ಏನೂ ಕಾಣಲಿಲ್ಲ. ಊಟದಲ್ಲಿ ನಾರು ಕಡಿಮೆ, ಕುಡಿಯುವ ನೀರು ಕಡಿಮೆ, ಅದನ್ನು ಸರಿಮಾಡಿ ಎಂದು ಡಾಕ್ಟರು ಹೇಳಿ ಕಳಿಸಿದರು.

"ನಾರು ಅಂದ್ರೆ ಹಗ್ಗ ತಿನ್ನಬೇಕಾ?" ಎಂದು ಗಿರಣಿಯಣ್ಣ ದಾರಿಯಲ್ಲಿ ಗೊಣಗಿದ.

ಮನೆಗೆ ಬಂದು ನೋಡಿದರೆ ತಟ್ಟೆಯಲ್ಲಿ ಹಾಲಿನಂಥ ಬಿಳಿ ರೊಟ್ಟಿ. ನರ್ಸು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು.

"ಅಕ್ಕಾ, ಇದನ್ನೇನು ಸೋಪು ಹಾಕಿ ತೊಳೆದ್ಯಾ?"

"ನನ್ನನ್ನೇನು ಕೇಳ್ತೀಯ, ನಿನ್ನ ಭಾವನ್ನ ಕೇಳು. ಮನೆ ಹಿಟ್ಟನ್ನು ಎರಡು ಸಲ ಜರಡಿ ಹಿಡೀತಾರೆ. ಎರಡನೇ ಸಲಕ್ಕೆ ಅಂತ ತೆಳುಬಟ್ಟೆಯ ಜರಡಿ ಬೇರೆ ಮಾಡಿಸಿದ್ದಾರೆ."

"ತೌಡೆಲ್ಲ ಎಲ್ಲಿಗೆ ಹೋಗುತ್ತೆ?"

"ಹಾಲಿನವನ ಹಸುಗಳಿಗೆ."

"ಅದಕ್ಕೇ ಆ ಹಸುಗಳು ಹಾಗೆ ಮಿರಮಿರ ಮಿಂಚ್ತಿರೋದು! ಭಾವ, ಹಿಟ್ಟು ಮಾಡೋರು ನೀವು. ಕಾಳಿನ ಒಳ್ಳೇ ಭಾಗ ಹಸುಗೆ, ಉಳಿದದ್ದು ನಿಮಗೆ. ಈ ಊರಲ್ಲಿ ಇಂಥಾ ವ್ಯವಹಾರ ಇನ್ಯಾರೂ ಮಾಡಲ್ಲ ಬಿಡಿ."

ಗಿರಣಿಯಣ್ಣ ನಗಲಿಲ್ಲ. ತಟ್ಟೆ ಸರಿಸಿ ಕೂತ.

"ನಿನಗೆ ಗೊತ್ತಿಲ್ಲ ಕಣಮ್ಮ. ನನ್ನಮ್ಮ ಗಿರಣಿ ನೆಲದಲ್ಲಿ ಬಿದ್ದ ತೌಡನ್ನು ಗುಡಿಸಿ ತಂದು ರೊಟ್ಟಿ ಮಾಡ್ತಿದ್ದಳು. ಕಪ್ಪಗೆ, ಒರಟಾಗಿ ಇರೋದು. ಶಾಲೇಲಿ ಉಳಿದೋರ ಡಬ್ಬೀಲಿ ಬಿಳೀ ರೊಟ್ಟಿ. ನಾನು ಗೋಡೆ ಕಡೆ ಮುಖ ಮಾಡಿ ತಿಂತಿದ್ದೆ. ಆವತ್ತೇ ಅಂದುಕೊಂಡೆ, ನನ್ನ ಕೈಲಾದ ಮೇಲೆ ಈ ಮನೇಲಿ ಯಾರೂ ತೌಡು ತಿನ್ನಬಾರದು ಅಂತ."

ಹೆಂಡತಿ ಈ ಮಾತನ್ನು ಇಷ್ಟು ವರ್ಷದಲ್ಲಿ ಮೊದಲ ಬಾರಿ ಕೇಳಿದ್ದಳು.

ಗಿರಣಿ ಅವನ ಕೈಗೆ ಬಂದ ವರ್ಷ ಮೊದಲು ಮಾಡಿದ ಕೆಲಸವೂ ಅದೇ. ಹೊಸ ಜರಡಿಯಲ್ಲಿ ಹಿಟ್ಟು ಹಿಡಿದು, ಹೂವಿನಂಥ ರೊಟ್ಟಿ ಮಾಡಿಸಿ, ತಾಯಿಯ ಮುಂದೆ ಇಟ್ಟಿದ್ದ. ಅವಳು ಮೆಲ್ಲಗೆ ಅಗಿದಳು. "ಮೆತ್ತಗಿದೆ ಮಗಾ" ಎಂದಳು. ಇನ್ನೊಂದು ತುತ್ತು ತಿಂದು, "ಗೋಧಿ ಎಲ್ಲಿ ಹೋಯ್ತೋ?" ಎಂದು ನಕ್ಕಳು. ಅವನೂ ನಕ್ಕಿದ್ದ.

"ಭಾವ," ನರ್ಸು ದನಿ ತಗ್ಗಿಸಿದಳು, "ಬಡತನ ಚೆನ್ನಾಗಿತ್ತು ಅಂತ ನಾನು ಹೇಳ್ತಿಲ್ಲ. ಒಬ್ಬ ತಾಯಿ ನೆಲ ಗುಡಿಸಿ ಮಕ್ಕಳಿಗೆ ಉಣ್ಣಿಸಬೇಕಾಗಿ ಬಂದದ್ದು ಅನ್ಯಾಯವೇ. ಆದ್ರೆ ಆ ಕಷ್ಟ ಬಿಸಾಕೋವಾಗ ನೀವು ಕಾಳಿನ ಸತ್ವವನ್ನೂ ಅದರ ಜೊತೇಲೇ ಬಿಸಾಕಿದ್ರಿ. ನಿಮ್ಮಮ್ಮ ಆ ರೊಟ್ಟಿ ಜೊತೆ ಇನ್ನೇನು ಇಡ್ತಿದ್ರು, ನೆನಪಿದ್ಯಾ?"

ನೆನಪಿರದೆ ಏನು? ಮಣ್ಣಿನ ಮಡಕೆಯಲ್ಲಿ ನಿಧಾನವಾಗಿ ಬೇಯುವ ಕಾಳು. ಹಿತ್ತಿಲಿಂದ ಆಗತಾನೇ ಚಿವುಟಿ ತಂದ ಸೊಪ್ಪು. ಹಸಿ ಈರುಳ್ಳಿ. ರಾತ್ರಿ ಹೆಪ್ಪು ಹಾಕಿ, ಗಿರಣಿಯ ಬೆಚ್ಚನೆಯ ಗೋಡೆಗೆ ಒತ್ತಿ ಇಡುತ್ತಿದ್ದ ಮೊಸರು. ಕಾಳು ಬೇಯುವ ತನಕ ಮಕ್ಕಳು ಸುತ್ತ ಕೂತು ಮುಚ್ಚಳದ ಸದ್ದು ಕೇಳುತ್ತಿದ್ದವು. ಆ ಮನೆಯಲ್ಲಿ ಅನೇಕ ಕೊರತೆಗಳಿದ್ದವು. ಹೊಟ್ಟೆ ಕಟ್ಟಿತೆಂದು ಯಾರಾದರೂ ಗೋಳಾಡಿದ್ದು ಮಾತ್ರ ಅವನಿಗೆ ನೆನಪಾಗಲಿಲ್ಲ.

"ಈಗ ಕೇಳಿ. ನಮ್ಮ ದೊಡ್ಡ ಕರುಳಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾ ಇರ್ತಾವೆ."

"ಬ್ಯಾಕ್ಟೀರಿಯಾ ಅಂದ್ರೆ ರೋಗ ತಾನೇ?"

"ಎಲ್ಲವೂ ಅಲ್ಲ. ಗಿರಣಿಗೆ ಬರೋರೆಲ್ಲ ಕಳ್ಳರಾ? ಯಾರೋ ಒಬ್ಬ ಇರಬಹುದು, ಉಳಿದೋರು ಗಿರಾಕಿಗಳು. ಕರುಳಲ್ಲಿರೋವು ಬಹುಪಾಲು ನಮಗೆ ಸಹಾಯ ಮಾಡೋವೇ. ನಾರು ಅಂದ್ರೆ ಕಾಳು, ತರಕಾರಿ, ಹಣ್ಣಲ್ಲಿ ನಮ್ಮ ಹೊಟ್ಟೆಗೆ ಅರಗದೆ ಉಳಿಯೋ ಭಾಗ. ಅದೇ ಅವುಗಳ ಊಟ. ಅದನ್ನು ತಿಂದು ಅವು ಒಂದು ತರದ ಸಣ್ಣ ಆಮ್ಲಗಳನ್ನು ಮಾಡ್ತಾವೆ. ಕರುಳಿನ ಒಳಪದರಕ್ಕೆ ಆ ಆಮ್ಲಗಳೇ ಆಹಾರ. ಅವಕ್ಕೆ ನೀವು ಊಟ ಹಾಕದೆ ಇದ್ರೆ ಅವೇನು ಮಾಡಬೇಕು?"

"ಹಾಗಾದ್ರೆ ತೌಡು ತಿಂದ್ರೆ ಸಾಕು ಅನ್ನು."

"ಸಾಲದು. ತೌಡು ಹೆಚ್ಚಾಗಿ ಮಲಕ್ಕೆ ಗಾತ್ರ ಕೊಟ್ಟು ಮುಂದೆ ತಳ್ಳುತ್ತೆ. ಬ್ಯಾಕ್ಟೀರಿಯಾಗೆ ಬೇಕಾದ ನಾರು ಬೇಳೆ, ಕಾಳು, ಈರುಳ್ಳಿ, ಬಾಳೆಹಣ್ಣು, ಸೊಪ್ಪಲ್ಲಿ ಜಾಸ್ತಿ. ಬಗೆಬಗೆಯಾಗಿ ತಿನ್ನಬೇಕು. ಆಮೇಲೆ ಆ ಆಂಟಿಬಯಾಟಿಕ್ ನುಂಗಿದ್ರಲ್ಲ, ಅದಕ್ಕೆ ಒಳ್ಳೇದು ಕೆಟ್ಟದ್ದು ಅಂತ ಗೊತ್ತಾಗಲ್ಲ, ಒಳ್ಳೇ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಡಾಕ್ಟರ್ ಬರೆದುಕೊಟ್ಟಾಗ ಹೇಳಿದಷ್ಟು ದಿನ ತಗೋಬೇಕು. ಉಳಿಸಿ, ಇನ್ನೊಂದು ದಿನ ಬೇರೆ ನೋವಿಗೆ ನುಂಗೋದಲ್ಲ."

ಗಿರಣಿಯಣ್ಣ ತಲೆಯಾಡಿಸಿದ. ಆದರೆ ಮೂಟೆಯ ಲೆಕ್ಕದಲ್ಲಿ ಬದುಕಿದ ಮನುಷ್ಯನಿಗೆ ಚಮಚದ ಲೆಕ್ಕ ಹೇಗೆ ಹಿಡಿಸೀತು? ನರ್ಸು ತನ್ನ ಊರಿಗೆ ಹೊರಟ ದಿನವೇ ಹಸುವಿಗಿಟ್ಟಿದ್ದ ಚೀಲ ಬಿಚ್ಚಿ, ಬಟ್ಟಲು ತುಂಬ ತೌಡನ್ನು ಹಿಟ್ಟಿಗೆ ಬೆರೆಸಿದ. ಮಧ್ಯಾಹ್ನ ದೊಡ್ಡ ಪಾತ್ರೆ ಕಾಳು ಒಬ್ಬನೇ ಮುಗಿಸಿದ. ನೀರು ಕುಡಿಯುವುದು ಮಾತ್ರ ಮರೆತ. ಸಂಜೆಗೆ ಹೊಟ್ಟೆ ಬಿಗಿದು ಉಸಿರಾಡಲೂ ಕಷ್ಟವಾಯಿತು. ಒಳಗಿಂದ ಹೊರಟ ಸದ್ದುಗಳಿಗೆ ಹೆಂಡತಿ ಬಾಗಿಲು ಹಾಕಿಕೊಂಡಳು.

"ನೋಡಿದ್ಯಾ ನಿನ್ನ ತಂಗಿಯ ವಿದ್ಯೆ?" ನರ್ಸಿಗೆ ಫೋನು ಹಚ್ಚಿ, ಮುಚ್ಚಿದ ಬಾಗಿಲಾಚೆಯ ಹೆಂಡತಿಗೂ ಕೇಳುವಂತೆ ಅವನು ಕೂಗಿದ. "ನನ್ನ ಪ್ರಾಣ ತೆಗೆದಳು! ಆ ವ್ಯಾಪಾರಿಗೆ ನಾಳೇನೇ ಬಾ ಅಂತೀನಿ."

ಆ ತುದಿಯಿಂದ ನರ್ಸು ಕೇಳಿದಳು: "ಎಷ್ಟು ತಿಂದ್ರಿ ಭಾವ?"

ಅವನು ಹೇಳಿದ.

"ಅಯ್ಯೋ ಮಹಾರಾಯ! ವರ್ಷಗಟ್ಟಲೆ ಉಪವಾಸ ಇಟ್ಟೋರಿಗೆ ಒಂದೇ ದಿನ ಮೂಟೆ ಸುರಿದ್ರೆ? ನಿಂತ ಗಿರಣಿಗೆ ನೀವು ಶುರುವಲ್ಲೇ ಚೀಲಗಟ್ಟಲೆ ಗೋಧಿ ಸುರೀತೀರಾ?"

"ಹುಚ್ಚಾ? ಕಲ್ಲು ಕಚ್ಚಿಕೊಳ್ಳುತ್ತೆ. ಮೊದಲು ಹಿಡಿಯಷ್ಟು ಬಿಡಬೇಕು..." ಎಂದವನು ಅಲ್ಲಿಗೇ ನಿಂತ.

ನರ್ಸು ನಕ್ಕು ಫೋನು ಇಟ್ಟಳು.

ಅವತ್ತಿನಿಂದ ಎರಡನೇ ಜರಡಿ ಬಿಟ್ಟ. ಆಮೇಲಿನ ವಾರ ಮೊದಲನೆಯದನ್ನೂ ಬಿಟ್ಟ. ಕಾಳು ಮೊದಲು ಒಂದು ಸೌಟು, ಹೊಟ್ಟೆ ಒಪ್ಪಿದ ಮೇಲೆ ಇನ್ನೊಂದು. ಯಂತ್ರದ ಪಕ್ಕ ನೀರಿನ ಹೂಜಿ ಬಂತು. ಊಟಕ್ಕೆ ಮನೆಯ ಮೊಸರು ಬಂತು. ಸಂಜೆ ಬೀದಿಯ ತುದಿಯವರೆಗೆ ನಡಿಗೆ. ಮೊದಲ ದಿನಗಳಲ್ಲಿ ಹೊಟ್ಟೆ ಗುಡುಗಿತು, ಆಮೇಲೆ ತಣ್ಣಗಾಯಿತು. ಒಂದು ಬೆಳಗ್ಗೆ ಸಾಲು ಸೇರುವ ಮೊದಲೇ ಗಿರಣಿಯ ಬಾಗಿಲು ತೆರೆದಿತ್ತು. ಮೆಟ್ಟಿಲ ಹೆಂಗಸರು ಮುಖ ಮುಖ ನೋಡಿಕೊಂಡರು.

ಕಂದು ಚುಕ್ಕೆಯ ರೊಟ್ಟಿಯನ್ನು ಅವನು ಆ ದಿನಗಳಲ್ಲಿ ನಿಧಾನವಾಗಿ ಅಗಿಯಲು ಕಲಿತ. ನಾಲಿಗೆಗೆ ಒರಟು ತಾಗಿದಾಗಲೆಲ್ಲ ಅಮ್ಮನ ಅಡುಗೆಮನೆಯ ಮಸಿ ಹಿಡಿದ ಗೋಡೆ, ಮುಚ್ಚಳದ ಕೆಳಗಿನ ಹಬೆ, ಸಾಲಾಗಿ ಕೂತ ಅಣ್ಣತಮ್ಮಂದಿರ ಮೊಣಕಾಲುಗಳು ಕಣ್ಣ ಮುಂದೆ ಬಂದವು. ಮೊದಲ ಸಲ ಆ ನೆನಪಿನಲ್ಲಿ ನಾಚಿಕೆ ಇರಲಿಲ್ಲ.

ಹೇಳಿದ ದಿನ ಹಳೆಯ ಯಂತ್ರದ ವ್ಯಾಪಾರಿ ಲಾರಿ ಸಮೇತ ಬಂದ. ಒಳಗೆ ಕಲ್ಲು ಓಡುತ್ತಿತ್ತು. ಗಿರಣಿಯಣ್ಣ ಬಟ್ಟೆಯ ತೋಳಿನ ಕೆಳಗೆ ಕೈ ಒಡ್ಡಿ ಹಿಟ್ಟನ್ನು ಉಜ್ಜಿ ನೋಡುತ್ತಿದ್ದ.

"ಏನ್ರೀ, ಇನ್ನೂ ನಿಲ್ಸಿಲ್ವಾ? ಬಿಚ್ಚೋಕೆ ಆಳುಗಳು ಬಂದಿದ್ದಾರೆ."

"ಕ್ಷಮಿಸಿ ಯಜಮಾನ್ರೇ, ಕೊಡಲ್ಲ. ಸುಮ್ಮನೆ ಓಡಾಡಿಸಿದೆ."

"ಹೊಟ್ಟೆ ಸರಿ ಇಲ್ಲ, ನಿಂತು ಕೆಲಸ ಮಾಡೋಕಾಗಲ್ಲ ಅಂತ ನೀವೇ ಅಂದ್ರಲ್ಲ?"

"ಅಂದಿದ್ದೆ. ಆಗ ಹೊಟ್ಟೆಯೊಳಗಿನವರಿಗೆ ಊಟ ಇರಲಿಲ್ಲ."

ವ್ಯಾಪಾರಿ ಅವನನ್ನು ಮೇಲಿಂದ ಕೆಳಗೆ ನೋಡಿ ಲಾರಿ ಹತ್ತಿದ. ಹೆಂಡತಿ ಬಾಗಿಲಲ್ಲಿ ನಿಂತು, ಲಾರಿ ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು. ಆಮೇಲೆ ಒಳಗೆ ಬಂದು, ಗಂಡನ ಪಕ್ಕ ನಿಂತು, ಮುಂದಿನ ಗಿರಾಕಿಯ ಡಬ್ಬಿಯನ್ನು ತಾನೇ ಎತ್ತಿ ಸುರಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹಿಟ್ಟನ್ನು ಇವತ್ತು ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಿ. ತೌಡೆಲ್ಲ ಹೋಗಿ ಬರೀ ಬಿಳುಪು ಉಳಿದಿದ್ದರೆ ಜರಡಿ ಹಿಡಿಯುವುದನ್ನು ಸ್ವಲ್ಪ ಕಡಿಮೆ ಮಾಡಿ. ಬೇಳೆ, ಕಾಳು, ಸೊಪ್ಪು, ತರಕಾರಿ, ಹಣ್ಣು ದಿನವೂ ತಟ್ಟೆಗೆ ಬರಲಿ, ಜೊತೆಗೆ ಸಾಕಷ್ಟು ನೀರು ಇರಲಿ. ಆದರೆ ಅವಸರ ಬೇಡ, ಹೊಟ್ಟೆಗೆ ಒಗ್ಗಿಕೊಳ್ಳಲು ಸಮಯ ಕೊಡಿ. ಗೋಧಿ ಆಗದವರು, ಬೇರೆ ಕಾಯಿಲೆಗೆ ಪಥ್ಯದಲ್ಲಿರುವವರು ಡಾಕ್ಟರನ್ನು ಕೇಳಿಯೇ ಬದಲಾಯಿಸಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಹೊಟ್ಟೆಯ ಅಭ್ಯಾಸ ಬದಲಾಗಿ ಹಾಗೇ ಉಳಿದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ನಿಮ್ಮ ಅಮ್ಮ, ಅಜ್ಜಿ ಏನೇನು ಬೇಯಿಸುತ್ತಿದ್ದರು ಎಂದು ಇವತ್ತೇ ಮನೆಯಲ್ಲಿ ಮಾತಾಡಿ. ಅದರಲ್ಲಿ ಒಂದನ್ನು ನಾಳೆ ಒಲೆಯ ಮೇಲೆ ಇಡಿ.